ಕೋಲು ಬಡಿದ ಮೇಲೆ ಉಳಿದ ಪ್ರಶ್ನೆ

ತನ್ನ ಧರ್ಮದ ನಂಬಿಕೆ ಉಳಿಸಿಕೊಳ್ಳಲು ಆತ ಇಂಗ್ಲೆಂಡ್ ಬಿಟ್ಟು ಹಾಲೆಂಡಿನ ಈ ಲೈಡನ್ನಿಗೆ ಓಡಿಬಂದ ಎಂದು ಎಲ್ಲರೂ ಬರೆಯುತ್ತಾರೆ. ಯಾರು ನೋಡಿದ್ದರು? ನಾನು ಪಿಎಚ್‌ಡಿ ಮಾಡಿದ್ದು ನಾನೂರು ವರ್ಷ ಹಿಂದಿನ ಈ ಗ್ರೀಕ್ ಭಾಷಾ ಪಂಡಿತ, ಧರ್ಮಶಾಸ್ತ್ರಜ್ಞನ ಮೇಲೆ. ಒಳ್ಳೆಯ ಗ್ರೀಕ್ ಅಚ್ಚುಮೊಳೆ ಇದ್ದದ್ದು ಇಲ್ಲಿ; ಮನುಷ್ಯ ಬಂದದ್ದು ಪುಸ್ತಕ ಅಚ್ಚು ಹಾಕಿಸಲು, ಅಷ್ಟೇ. ನನ್ನ ಇಡೀ ಪ್ರಬಂಧ ನಿಂತಿದ್ದು ಆ ಒಂದು ಮಾತಿನ ಮೇಲೆ.

ಇಲ್ಲಿ ಪ್ರಬಂಧವನ್ನು ತುಂಬಿದ ಸಭೆಯಲ್ಲಿ ಸಮರ್ಥಿಸಬೇಕು. ಹೊತ್ತು ಮುಗಿದ ಕೂಡಲೇ ಕರಿ ನಿಲುವಂಗಿಯವರೊಬ್ಬರು ಬಂದು ಗೆಜ್ಜೆ ಕಟ್ಟಿದ ಕೋಲನ್ನು ನೆಲಕ್ಕೆ ಬಡಿಯುತ್ತಾರೆ. ಆಗ ಅರ್ಧ ವಾಕ್ಯದಲ್ಲೇ ನಿಲ್ಲಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಕೊನೆಯಲ್ಲಿ ಒಬ್ಬ ಮುದುಕ ಪ್ರೊಫೆಸರ್ ಮೆಲ್ಲಗೆ ಕೇಳಿದರು: "ಪುಸ್ತಕ ಅಚ್ಚಾಯಿತು. ದೇಶ ಬಿಟ್ಟದ್ದಕ್ಕೆ ಇಂಗ್ಲೆಂಡಿನಲ್ಲಿ ಕ್ಷಮೆಯೂ ಸಿಕ್ಕಿತು. ಆತ ಯಾಕೆ ವಾಪಸ್ ಹೋಗಲಿಲ್ಲ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಿಗೆ ತಡವರಿಸದ ನಾನು, "ಅದು ಏನಂದರೆ..." ಎಂದೆ. ಕೋಲು ಬಡಿಯಿತು.

ಪದವಿ ಸಿಕ್ಕಿತು. ಸಭೆಗೆ ಬಂದಿದ್ದ ಹುಬ್ಬಳ್ಳಿಯ ಗೆಳೆಯ ಭುಜ ತಟ್ಟಿದ. "ಕೋಲು ನಿನ್ನ ಮಾನ ಉಳಿಸ್ತು ನೋಡ್ಲೇ! ಇನ್ನೊಂದ್ ನಿಮಿಷ ಇದ್ದಿದ್ರ ಮುದುಕ ನಿನ್ನ ಕಥಿ ಮುಗಿಸ್ತಿದ್ದ."

ನನಗೆ ನಗು ಬರಲಿಲ್ಲ. ಸಂಜೆ ಸೈಕಲ್ ತುಳಿದು ಪಂಡಿತನನ್ನು ಹೂತಿರುವ ಚರ್ಚಿಗೆ ಹೋದೆ. ನೆಲಗಲ್ಲಿನ ಮೇಲೆ ಹೆಸರು ಅರ್ಧ ಸವೆದಿತ್ತು. ಪಕ್ಕದಲ್ಲಿ ಕುಳಿತು ಕನ್ನಡದಲ್ಲೇ ಕೇಳಿದೆ:

"ಬಂದ ಕೆಲಸ ಮುಗಿದಿತ್ತಲ್ಲ ಸ್ವಾಮಿ, ಮತ್ತೆ ಯಾಕೆ ಇಲ್ಲೇ ಉಳಿದಿರಿ?"