ಎದುರಂಗಡಿಯ ಹದಿನೆಂಟನೇ ಗಿರಾಕಿ

ಕೀಲಿ ಮಾಡುವವನು ತನ್ನ ಪೆಟ್ಟಿಗೆಯಂಗಡಿಯನ್ನು ಔಷಧಿ ಅಂಗಡಿಯ ಎದುರಿಗೇ ಇಟ್ಟದ್ದು ವ್ಯಾಪಾರಕ್ಕಲ್ಲ, ಹಗೆ ತೀರಿಸಿಕೊಳ್ಳಲು. ಬೆನ್ನು ನೋವಿಗೆಂದು ಆ ಅಂಗಡಿಯವನು ಡಾಕ್ಟರ ಚೀಟಿ ಕೇಳದೆ ಕೊಟ್ಟ ಮಾತ್ರೆ ಇವನ ಆರು ವರ್ಷ ನುಂಗಿತು. ಇವನಿಂದ ಚಟ ಕಲಿತ ತಮ್ಮನನ್ನು ಪೂರ್ತಿ ನುಂಗಿತು. ಸಾವಿನ ಮನೆಗೆ ಅಂಗಡಿಯವನು ಸಂತಾಪ ಹೇಳಲು ಬಂದಿದ್ದ, ಪುಣ್ಯಾತ್ಮ!

ಆಸ್ಪತ್ರೆ ಸೇರಿ ಮಾತ್ರೆ ಬಿಟ್ಟು ಬಂದವನು ಒಂದೇ ಹಟ ಹಿಡಿದ: ಆ ಅಂಗಡಿಯ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕಿತ್ತುಕೊಳ್ಳಬೇಕು. ಗುರುತಿಸುವುದೇನು ಮಹಾ ಕಷ್ಟ? ಮಾತ್ರೆಯ ದುಡ್ಡಿಗೆ ಮನೆಯ ಬೀರುವಿಗೇ ಕನ್ನ ಹಾಕಲು ಹೊರಟವರು ಕೀಲಿ ತರುವುದಿಲ್ಲ, ಸೋಪಿನ ಮೇಲೆ ಒತ್ತಿದ ಅಚ್ಚು ತರುತ್ತಾರೆ. ತಾನೂ ಅಮ್ಮನ ಬೀರುವಿಗೆ ಹಾಗೇ ಮಾಡಿದವನಲ್ಲವೇ! ಅಂಥವರ ಕೀಲಿಯಲ್ಲಿ ಬೇಕೆಂದೇ ಒಂದು ಹಲ್ಲು ಕೊರೆಯದೆ ಬಿಡುತ್ತಿದ್ದ. ಕೀಲಿ ತಿರುಗದೆ ಅವರು ಬೈಯುತ್ತ ವಾಪಸು ಬಂದಾಗ ಸ್ಟೂಲಿನ ಮೇಲೆ ಕೂರಿಸಿ ಆಸ್ಪತ್ರೆಯ ಮಾತು ತೆಗೆಯುತ್ತಿದ್ದ. ಹದಿನೇಳು ಜನರನ್ನು ಹೀಗೆ ಆಸ್ಪತ್ರೆಗೆ ಸೇರಿಸಿದ. ದಯೆ ಗಿಯೆ ಏನೂ ಅಲ್ಲ, ಬರೀ ಹೊಟ್ಟೆಯುರಿ.

ಹದಿನೆಂಟನೆಯವಳು ಕಾಲೇಜು ಮುಗಿಸಿದ ಹುಡುಗಿ. ಎರಡನೇ ಸಲ ಬಂದವಳು ಸ್ಟೂಲಿನ ಮೇಲೆ ಕುಸಿದಳು.

"ಯಾವ ಬೀರೂದಮ್ಮಾ ಈ ಕೀಲಿ?"

"ಅಪ್ಪಂದು, ಅಣ್ಣಾ." ಎದುರಂಗಡಿ ತೋರಿಸಿದಳು. "ಮಾತ್ರೆ ಇಡೋ ಬೀರು."

ಸುಳ್ಳೇಕೆ, ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಿಟ್ಟ ಹಲ್ಲನ್ನು ಕೊರೆದು ಕೊಟ್ಟರೆ ಸಾಕು, ಅಂಗಡಿಯವನ ಮಗಳನ್ನು ಅವನ ಮಾತ್ರೆಯೇ ನೋಡಿಕೊಳ್ಳುತ್ತದೆ. ಅರ ಕೈಗೆತ್ತಿಕೊಂಡೂ ಆಗಿತ್ತು.

"ಬೇಗ ಮಾಡ್ಕೊಡಿ ಅಣ್ಣಾ, ತಡ್ಕೊಳ್ಳೋಕಾಗ್ತಿಲ್ಲ."

ತಮ್ಮನೂ ಹೀಗೇ ಅಣ್ಣಾ ಅಣ್ಣಾ ಎಂದು ಬೇಡಿದ್ದ. ಆಗ ಇವನೇ ಮಾತ್ರೆ ಕೊಟ್ಟಿದ್ದ. ಹಲ್ಲು ಕಡಿಯುತ್ತ ಅರ ಕೆಳಗಿಟ್ಟ.

ಮರುದಿನ ಬೆಳಗ್ಗೆ ಅವಳನ್ನು ಆಸ್ಪತ್ರೆಗೆ ಸೇರಿಸುವಾಗ ಸುದ್ದಿ ತಿಳಿದ ಅಪ್ಪ ಏದುಸಿರು ಬಿಡುತ್ತ ಓಡಿ ಬಂದ. "ನಿಮ್ಮ ಉಪಕಾರ ಮರೆಯಲ್ಲ" ಎಂದು ಕೈ ಮುಗಿದ.

"ಉಪಕಾರ ಹಾಗಿರ್ಲಿ ಯಜಮಾನ್ರೆ, ಫಾರಂ ತುಂಬಿ."

ಫಾರಂ ಮನೆಯವರೇ ತುಂಬಬೇಕು. ಮಾತ್ರೆ ಎಲ್ಲಿ ಸಿಕ್ಕಿತು ಎಂಬಲ್ಲಿ ಅಪ್ಪ ಗೀಟು ಎಳೆದು ಮುಂದೆ ಹೋದ. ಕೀಲಿಯವನು ಆ ಗೀಟಿನ ಮೇಲೆ ಬೆರಳಿಟ್ಟ. "ಇದನ್ನ ಬಿಡೋ ಹಾಗಿಲ್ಲ."

"ಬರಿ ಅಪ್ಪಾ" ಎಂದಳು ಮಗಳು.

ಅಪ್ಪ ತನ್ನ ಅಂಗಡಿಯ ಹೆಸರು ಬರೆದ.

ಕೀಲಿಯವನು ಮೇಜಿನಿಂದ ಇನ್ನೊಂದು ಖಾಲಿ ಫಾರಂ ಎಳೆದು ಅವನ ಮುಂದಿಟ್ಟ. "ಇದ್ರಲ್ಲೂ ಅಂಗಡಿ ಹೆಸರು ಬರೀರಿ. ನನ್ನ ತಮ್ಮಂಗೆ ಫಾರಂ ತುಂಬೋಕೆ ಯಾರೂ ಇರ್ಲಿಲ್ಲ."