ಸರೋವರ ದಾಟಿ ಬಂದ ಶಾಲೆ

ತೆಕ್ಲಾ ವೊರೊಬೆಟ್ಸ್ ನಮ್ಮ ಪಕ್ಕದ ಹೊಲದವಳು. ಗಣಿ ಕೆಲಸಕ್ಕೆಂದು ಹೋದ ಗಂಡ ಅಲ್ಲೇ ತೀರಿಕೊಂಡಿದ್ದ. ಗೋಧಿ ಹೊಲ, ಒಂದು ಜೊತೆ ಕುದುರೆ, ಮಗಳು ಸ್ಟೆಫ್ಕಾ, ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ನಾವು ಮಕ್ಕಳೆಲ್ಲ ಅವಳನ್ನು ಅತ್ತೆ ಎನ್ನುತ್ತಿದ್ದೆವು.

ಸಸ್ಕಾಚೆವನ್ ಪ್ರಾಂತ್ಯದಲ್ಲಿ ಉಕ್ರೇನಿನಿಂದ ಬಂದ ನಾವೆಲ್ಲ ಸರೋವರದ ಈಚೆ ದಡದಲ್ಲಿದ್ದೆವು. ಶಾಲೆ ಇದ್ದದ್ದು ಆಚೆ ದಡದ ನಾರ್ವೆಯವರ ಊರಿನಲ್ಲಿ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆಯೇ ನಡೆದು ಹೋಗುತ್ತಿದ್ದೆವು. ಒಂದು ಜನವರಿಯಲ್ಲಿ ನಾವು ಹಿಂದಿರುಗುವಾಗ ಹಿಮಗಾಳಿ ಎದ್ದಿತು. ಸ್ಟೆಫ್ಕಾಳ ಬೂಟಿನೊಳಗೆ ಹಿಮ ತುಂಬಿ ಕಾಲು ಮರಗಟ್ಟಿಹೋಯಿತು. ಡಾಕ್ಟರು ಎರಡು ಬೆರಳು ಕತ್ತರಿಸಬೇಕಾಯಿತು.

ಅದರ ಹಿಂದಿನ ಬೇಸಿಗೆಯಲ್ಲೇ ನಾರ್ವೆಯವರು ಇಟ್ಟಿಗೆಯ ಹೊಸ ಶಾಲೆ ಕಟ್ಟಿಕೊಂಡಿದ್ದರು. ಹಳೆಯ ಮರದ ಶಾಲೆ ಖಾಲಿ ಬಿದ್ದಿತ್ತು. ತೆಕ್ಲಾ ಅತ್ತೆ ನಾರ್ವೆಯವರ ಮುಖ್ಯಸ್ಥ ಹಾಲ್ವರ್ಡ್ ಟ್ವೇಟ್ ಬಳಿ ಹೋಗಿ ಅದನ್ನು ಕೇಳಿದಳು.

"ತಗೊಂಡ್ ಹೋಗಮ್ಮ, ಯಾರು ಬೇಡ ಅಂದ್ರು? ಜೇಬಲ್ಲಿ ಹಿಡಿಸುತ್ತಾ ನೋಡ್ಕೋ," ಎಂದು ಅವನು ನಕ್ಕನಂತೆ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಗಂಡಸರನ್ನು ತಡೆದು ನಿಲ್ಲಿಸಿದಳು. "ಮಂಜುಗಡ್ಡೆ ಗಟ್ಟಿಯಾಗಿರೋವಾಗ್ಲೇ ಶಾಲೇನ ಎಳ್ಕೊಂಡ್ ಬರೋಣ. ದಿಮ್ಮಿ ಕೆಳಗಿಟ್ರೆ ಜಾರುತ್ತೆ."

"ನಿಂಗೇನ್ ತಲೆ ಕೆಟ್ಟಿದ್ಯಾ ತೆಕ್ಲಾ? ಗಡ್ಡೆ ಒಡೆದ್ರೆ ಶಾಲೆ ಜೊತೆ ನಾವೂ ಮೀನಿಗೆ ಊಟ," ಎಂದ ನನ್ನಪ್ಪ ಓಸಿಪ್.

"ನಾನು ಮುಂದೆ ನಡೀತೀನಿ ಓಸಿಪಣ್ಣ. ಒಡೆದ್ರೆ ಮೊದಲ ತುತ್ತು ನಾನೇ."

ಮನೆಮನೆಯಿಂದ ಕುದುರೆಗಳು ಹೊರಟವು. ಶಾಲೆಯನ್ನು ಸನ್ನೆಕೋಲಿನಿಂದ ಎತ್ತಿ, ಅಡಿಗೆ ದಿಮ್ಮಿ ಕೊಟ್ಟು, ಸರಪಣಿ ಬಿಗಿದರು. ತೆಕ್ಲಾ ಅತ್ತೆ ಮುಂದೆ ಮುಂದೆ ಹೋಗಿ ಕೊಡಲಿಯಿಂದ ಗಡ್ಡೆಗೆ ತೂತು ಹೊಡೆದು, ದಪ್ಪ ನೋಡಿ, ಕೈ ಬೀಸುತ್ತಿದ್ದಳು. ಕಿಟಕಿ ಗಾಜುಗಳು ಗಲಗಲ ಅಲುಗಾಡುತ್ತ ಶಾಲೆ ಅವಳ ಹಿಂದೆ ತೆವಳಿತು.

ನಡು ಸರೋವರದಲ್ಲಿ ಕುದುರೆಗಳಿಗೆ ದಣಿವಾರಿಸಲು ನಿಂತದ್ದೇ ತಪ್ಪಾಯಿತು. ಅಷ್ಟರಲ್ಲೇ ದಿಮ್ಮಿಗಳು ಗಡ್ಡೆಗೆ ಅಂಟಿಕೊಂಡವು. ಎಷ್ಟು ಎಳೆದರೂ ಶಾಲೆ ಅಲುಗಲಿಲ್ಲ. ಮೇಲೆ ಗಾಳಿ ಬೇರೆ. ಅಪ್ಪ ಸರಪಣಿ ಬಿಚ್ಚತೊಡಗಿದ.

"ಸಾಕಮ್ಮ. ಕುದುರೆ ಉಳಿಸ್ಕೊಳೋಣ."

"ಉಳಿಸ್ಕೊಳಿ. ನಾನು ಬರಲ್ಲ." ಅವಳು ಒಳಗೆ ಹೋಗಿ ಶಾಲೆಯ ಒಲೆಗೆ ಮುರಿದ ಬೆಂಚಿನ ಚೂರು ತುಂಬಿ ಬೆಂಕಿ ಹಚ್ಚಿದಳು. ತಂದಿದ್ದ ಬೀಟ್‌ರೂಟ್ ಸಾರು ಬಿಸಿಗಿಟ್ಟಳು. "ಹಸಿದೋರು ಬನ್ನಿ. ಉಂಡು ಆಮೇಲೆ ಯೋಚ್ನೆ ಮಾಡೋಣ."

ಗಂಡಸರು ಗೊಣಗುತ್ತ ಒಳಗೆ ಬಂದು ಕುಳಿತರು. ಸರೋವರದ ನಡುವೆ ಶಾಲೆಯ ಹೊಗೆಗೂಡಿನಿಂದ ಹೊಗೆ ಏಳುವುದು ಆಚೆ ದಡಕ್ಕೆ ಕಂಡಿತು. ಸ್ವಲ್ಪ ಹೊತ್ತಿಗೆ ಟ್ವೇಟ್ ತನ್ನವರನ್ನೂ ಕುದುರೆಗಳನ್ನೂ ಕಟ್ಟಿಕೊಂಡು ಬಂದ.

"ಏನಮ್ಮ, ನೀರಿನ ಮೇಲೇ ಪಾಠ ಶುರು ಮಾಡ್ಬಿಟ್ಯಾ?"

"ನಿಮ್ಮೂರು ಬಿಟ್ಟು ಬರೋಕೆ ಶಾಲೆ ಅಳ್ತಾ ಇದೆ. ನೀನೇ ಸಮಾಧಾನ ಹೇಳು," ಎಂದಳು ತೆಕ್ಲಾ ಅತ್ತೆ, ಬಟ್ಟಲು ಮುಂದೆ ಚಾಚಿ.

ಟ್ವೇಟ್ ಸಾರು ಕುಡಿದು ಮೀಸೆ ಒರೆಸಿಕೊಂಡ. ಅಲ್ಲಿಯವರೆಗೆ ಎರಡೂ ದಡದವರು ಸೇರಿ ಒಂದು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅವರು ದಿಮ್ಮಿಯ ಸುತ್ತ ಗಡ್ಡೆ ಕಡಿದರು, ನಮ್ಮವರು ಬಿಸಿ ಬೂದಿ ಸುರಿದರು. ಎಲ್ಲ ಕುದುರೆಗಳನ್ನೂ ಒಟ್ಟಿಗೆ ಹೂಡಿ ಕೂಗು ಹಾಕಿದಾಗ ಶಾಲೆ ಕಿರ್ರೆಂದು ಕದಲಿತು. ಮತ್ತೆ ನಿಲ್ಲಿಸಲೇ ಇಲ್ಲ. ದಡ ಏರುವಾಗ ಹೊಗೆಗೂಡು ಉರುಳಿತು, ಗಾಜುಗಳು ಒಡೆದವು. ತೆಕ್ಲಾ ಅತ್ತೆ ಹಿಂದಿರುಗಿಯೂ ನೋಡಲಿಲ್ಲ.

ಹಿಮ ಕರಗಿದ ಮೇಲೆ ಅವಳ ಹೊಲದ ಅಂಚಿನಲ್ಲೇ ಕಲ್ಲಿನ ಅಡಿಪಾಯದ ಮೇಲೆ ಶಾಲೆ ಕೂತಿತು. ಪಾಠ ಹೇಳಲು ಬಂದ ಮೇಡಂಗೆ ಉಳಿದುಕೊಳ್ಳಲು ಜಾಗವಿಲ್ಲವೆಂದಾಗ ಅತ್ತೆ ತನ್ನ ಕೋಣೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಮಲಗಿದಳು.

ಸ್ಟೆಫ್ಕಾಳಿಗೆ ಮಾತ್ರ ಓದು ಹತ್ತಲಿಲ್ಲ. ನನಗಿಂತ ಹಿರಿಯಳಾದ ಅವಳು ಕೆಲವೇ ವರ್ಷಗಳಲ್ಲಿ ಸಾಸ್ಕಟೂನ್ ಪಟ್ಟಣದ ಬೇಕರಿಯೊಂದಕ್ಕೆ ಕೆಲಸಕ್ಕೆ ಹೋದಳು. "ಯಾರಿಗೋಸ್ಕರ ಇಷ್ಟೆಲ್ಲಾ ಮಾಡಿದೆ?" ಎಂದು ನನ್ನಪ್ಪ ಕೆಣಕಿದ.

"ನಿನ್ ಮಗಳು ಓದ್ತಾಳಲ್ಲ ಓಸಿಪಣ್ಣ," ಎಂದಳು ಅತ್ತೆ. "ಬೆಳಿಗ್ಗೆ ಬೇಗ ಎಬ್ಬಿಸಿ ಕಳಿಸು. ನಿನ್ನೆ ಮತ್ತೆ ತಡವಾಗಿ ಬಂದ್ಲು."