ನನ್ನ ಊರು ಅವರಿಗೆ, ಅವರ ಊರು ನನಗೆ

ಸ್ನೇಹಿತರೇ, ಇವತ್ತು ತುಮಕೂರಿನಲ್ಲಿ ನ್ಯಾಯ ಹಂಚುವುದನ್ನು ಕಣ್ಣಾರೆ ನೋಡಿ ಬಂದೆ.

ಮನೆಮನೆ ಸಮೀಕ್ಷೆಗೆಂದು ನಮ್ಮಂಥ ಮೇಷ್ಟ್ರುಗಳಿಗೆ ಚೀಟಿ ಎತ್ತಿಸಿ ಊರು ಹಂಚಿದರು. ಹಾಗಲವಾಡಿಯವನಾದ ನನಗೆ ಮಾರ್ಕೋನಹಳ್ಳಿ ಬಂತು. ಮೂರು ಬಸ್ಸು ಬದಲಿಸಬೇಕು. ಪಕ್ಕದಲ್ಲೇ ಕೂತಿದ್ದ ಮಾರ್ಕೋನಹಳ್ಳಿಯ ಶಾರದಾ ಮೇಡಂಗೆ ಬಂದದ್ದು ನಮ್ಮ ಹಾಗಲವಾಡಿ, ಅದೂ ನಮ್ಮದೇ ಬೀದಿ!

ಇಬ್ಬರೂ ನಗುತ್ತಲೇ ಚೀಟಿ ಎತ್ತಿಸಿದ ಸಾಹೇಬರ ಹತ್ತಿರ ಹೋದೆವು. “ಸಾರ್, ನಮ್ಮಿಬ್ಬರದ್ದು ಅದಲು ಬದಲು ಮಾಡ್ಕೊಡಿ” ಅಂದೆ.

“ಆಗಲ್ಲ ಮೇಷ್ಟ್ರೇ. ನಿಮಗೆ ಮಾಡ್ಕೊಟ್ರೆ ಬೇರೆಯವ್ರಿಗೆ ಅನ್ಯಾಯ ಆಗಲ್ವಾ?”

ಮೇಡಂಗೆ ರೇಗಿತು. “ಯಾರ್ಗೆ ಸಾರ್ ಅನ್ಯಾಯ? ಇನ್ನೊಬ್ರ ಊರು ನಾವೇನು ಕೇಳ್ತಿದೀವಾ?”

“ರೂಲ್ಸ್ ಅಂದ್ರೆ ಎಲ್ರಿಗೂ ಒಂದೇ ಮೇಡಂ” ಎಂದು ನಮ್ಮಿಬ್ಬರ ಆರ್ಡರಿಗೂ ಸೀಲು ಒತ್ತಿಯೇಬಿಟ್ಟರು.

ಇಬ್ಬರಿಗೆ ಅನುಕೂಲ, ಮೂರನೆಯವರಿಗೆ ಕೂದಲೆಳೆಯಷ್ಟೂ ತೊಂದರೆಯಿಲ್ಲ. ಅದಕ್ಕೂ ಕಲ್ಲು ಹಾಕಬೇಕಾ? ಇಬ್ಬರನ್ನೂ ಸರಿಸಮ ಗೋಳು ಹೊಯ್ದುಕೊಂಡರೆ ಅದು ನ್ಯಾಯವಂತೆ!

ಮನೆಯಲ್ಲಿರುವುದು ನಾನೊಬ್ಬನೇ. ಮೇಡಂ ಮನೆಯಲ್ಲೂ ಹಗಲು ಯಾರೂ ಇರುವುದಿಲ್ಲ. ನಾಳೆ ಅವರು ನನ್ನ ಬಾಗಿಲ ಮುಂದೆ ನಿಂತು ‘ಬೀಗ ಹಾಕಿದೆ’ ಎಂದು ಬರೆಯುತ್ತಾರೆ. ಅದೇ ಹೊತ್ತಿಗೆ ನಾನು ಅವರ ಬಾಗಿಲ ಮುಂದೆ ನಿಂತು ಅದನ್ನೇ ಬರೆಯುತ್ತಿರುತ್ತೇನೆ.